ಮೆಕ್ಕೆಜೋಳ ಕೃಷಿಯಲ್ಲಿ ಸಾವಯವ ತ್ಯಾಜ್ಯ ಗೊಬ್ಬರ (ದಾವಣಗೆರೆ–ಹರಿಹರ ಸೀಮೆ)

ಹರಿಹರ ತಾಲ್ಲೂಕೂ ಸೇರಿದ ದಾವಣಗೆರೆ ಜಿಲ್ಲೆ ಕರ್ನಾಟಕದ ಪ್ರಮುಖ ಮೆಕ್ಕೆಜೋಳ ಸೀಮೆ. ಬೇಸಿಗೆಯಲ್ಲಿ ತಿಪ್ಪೆಗೊಬ್ಬರ ಹೇರುವುದು, ಹೊಲದಲ್ಲಿ ಕುರಿಮಂದೆ ನಿಲ್ಲಿಸುವುದು ಇಲ್ಲಿ ಮೆಕ್ಕೆಜೋಳಕ್ಕಿಂತ ಹಳೆಯ ರೂಢಿ. ಜೋಳ, ಹತ್ತಿ ಬೆಳೆದವರೂ ಅದನ್ನೇ ಮಾಡುತ್ತಿದ್ದರು.

ಕಸವನ್ನು ಶಾಸ್ತ್ರೀಯವಾಗಿ ಗೊಬ್ಬರ ಮಾಡುವ ಯತ್ನ ಇಂದೋರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಅವರಿಂದ ಬಲ ಪಡೆಯಿತು. ಅವರ ಕ್ರಮ 1931ರಲ್ಲಿ ಪುಸ್ತಕರೂಪದಲ್ಲಿ ಬಂತು. ಆದರೆ ಅದರಲ್ಲಿ ರಾಶಿಯನ್ನು ಪದೇ ಪದೇ ಮಗುಚಬೇಕು, ನೀರು ಹಾಕಬೇಕು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯ ರೂಪಿಸಿದ ‘ಬೆಂಗಳೂರು ಪದ್ಧತಿ’ಗೆ ಈ ಕಾಟವಿಲ್ಲ. ಗುಂಡಿಯಲ್ಲಿ ಊರಿನ ಕಸವನ್ನೂ ಮಲವನ್ನೂ ಪದರ ಪದರವಾಗಿ ತುಂಬಿ ಮಣ್ಣು ಮುಚ್ಚಿದರೆ ಆರೆಂಟು ತಿಂಗಳಲ್ಲಿ ಗೊಬ್ಬರ ಸಿದ್ಧ. ಆಳೂ ನೀರೂ ಕಡಿಮೆ ಇರುವ ಬಯಲುಸೀಮೆಗೆ ಒಪ್ಪುವುದು ಇದೇ.

ಅಷ್ಟರಲ್ಲಿ ಬೆಳೆಯೇ ಬದಲಾಯಿತು. ದೇಶದ ಮೊದಲ ಸಂಕರಣ ಮೆಕ್ಕೆಜೋಳಗಳು 1961ರಲ್ಲಿ ಬಿಡುಗಡೆಯಾದವು. ಗಂಗಾ, ಡೆಕ್ಕನ್ ತಳಿಗಳು ಆ ಸಾಲಿನವು. ಮುಂದೆ ಕೋಳಿ ಆಹಾರದ ಬೇಡಿಕೆ ಏರಿದಂತೆ ಹತ್ತಿಗೆ ಹೆಸರಾಗಿದ್ದ ದಾವಣಗೆರೆಯ ಹೊಲಗಳಿಗೆ ಮೆಕ್ಕೆಜೋಳ ಬಂತು. ಸಂಕರಣ ತಳಿಯ ಹಸಿವು ದೊಡ್ಡದು: ನೀರಾವರಿಯಲ್ಲಿ ಹೆಕ್ಟೇರಿಗೆ 150 ಕಿಲೋ ಸಾರಜನಕ, 75 ಕಿಲೋ ರಂಜಕ, 40 ಕಿಲೋ ಪೊಟ್ಯಾಷ್, ಜೊತೆಗೆ 10 ಟನ್ ಕೊಟ್ಟಿಗೆ ಗೊಬ್ಬರ ಎಂಬುದು ಶಿಫಾರಸು. ಟ್ರ್ಯಾಕ್ಟರ್ ಬಂದು ಎತ್ತು ಹೋದ ಮೇಲೆ ಈ 10 ಟನ್ ಕಾಗದದಲ್ಲೇ ಉಳಿದದ್ದು ಹೆಚ್ಚು. ಯೂರಿಯಾ ಮಾತ್ರ ತಪ್ಪಲಿಲ್ಲ.

ಲೆಕ್ಕ ಹಾಕಿದರೆ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡ ಅರ್ಧದಷ್ಟು. 10 ಟನ್ನಿನಲ್ಲಿ 50 ಕಿಲೋ. ಅದರಲ್ಲೂ ಮೊದಲ ಬೆಳೆಗೆ ದಕ್ಕುವುದು ಒಂದು ಪಾಲು ಮಾತ್ರ. ಆದ್ದರಿಂದ ಸಂಕರಣ ತಳಿಯ ಪೂರ್ಣ ಇಳುವರಿಗೆ ಇಷ್ಟೇ ಸಾಕೆನ್ನುವುದು ಅತಿಮಾತು. ಮಣ್ಣು ತೇವ ಹಿಡಿಯುವುದು, ಸತುವಿನಂಥ ಲಘು ಪೋಷಕಾಂಶ ಸಿಗುವುದು ಇದರ ನಿಜವಾದ ಲಾಭ. ಮಳೆ ಕೈಕೊಟ್ಟ ವರ್ಷ ಆ ಬೆಲೆ ತಿಳಿಯುತ್ತದೆ.

ಕರ್ನಾಟಕ 2004ರಲ್ಲಿ ಸಾವಯವ ಕೃಷಿ ನೀತಿ ತಂದಿತು. ಎರೆಗೊಬ್ಬರದ ತೊಟ್ಟಿಗಳು ಹಳ್ಳಿಗಳಿಗೆ ಬಂದವು. ಸಕ್ಕರೆ ಕಾರ್ಖಾನೆಯ ಮಡ್ಡಿ, ಕೋಳಿಗೊಬ್ಬರ, ನಗರದ ಹಸಿಕಸ ಇವೆಲ್ಲ ಈಗಿನ ಮೂಲಗಳು. ಕೋಳಿಗೊಬ್ಬರವನ್ನು ಕಳಿಯಿಸದೆ ಹಾಕಿದರೆ ಎಳೆಯ ಪೈರು ಸುಡುತ್ತದೆ. ನಗರದ ಕಸವನ್ನು ಬೇರ್ಪಡಿಸದಿದ್ದರೆ ಪ್ಲಾಸ್ಟಿಕ್ಕೂ ಹೊಲ ಸೇರುತ್ತದೆ. ಇಷ್ಟಕ್ಕೂ ಅತಿ ಹತ್ತಿರದ ಮೂಲ ಹೊಲದಲ್ಲೇ ಬಿದ್ದಿರುವ ದಂಟು. ಅದಕ್ಕೆ ಬೆಂಕಿ ಇಟ್ಟರೆ ಅದರ ಸಾರಜನಕದ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಕತ್ತರಿಸಿ ಸಗಣಿ ಬಗ್ಗಡದೊಡನೆ ಗುಂಡಿಗೆ ಹಾಕಿದರೆ ಮುಂದಿನ ಮುಂಗಾರಿಗೆ ಗೊಬ್ಬರವಾಗುತ್ತದೆ.