ಒತ್ತಡಕ್ಕೆ ಸಿಕ್ಕಿದ ಲೋಹವೂ ಶಾಖದ ಅಳತೆಯೂ

ಒಂದೇ ಲೋಹದ ತಂತಿಯನ್ನು ಆದಿಯಿಂದ ಅಂತ್ಯದವರೆಗೆ ಒಂದೇ ಪದಾರ್ಥವೆಂದು ನಾವು ಎಣಿಸುತ್ತೇವೆ. ಆದರೆ ಅದರ ಅರ್ಧಭಾಗವನ್ನು ಮಹತ್ತಾದ ಒತ್ತಡಕ್ಕೆ ಗುರಿಮಾಡಿದರೆ, ಉಷ್ಣವಿದ್ಯುತ್ತಿನ ಮಟ್ಟಿಗೆ ಅದು ಎರಡು ಲೋಹಗಳಂತೆ ವರ್ತಿಸುವುದು. ಈ ಸಂಗತಿ ಬೆಳಕಿಗೆ ಬಂದ ಬಗೆಯನ್ನೂ ಅದರಿಂದ ಒದಗಿದ ತೊಡಕನ್ನೂ ಇಲ್ಲಿ ವಿಚಾರಮಾಡೋಣ.

1821ರಲ್ಲಿ ಬರ್ಲಿನ್ನಿನ ಸೀಬೆಕ್ ಎಂಬ ವಿದ್ವಾಂಸರು ಎರಡು ಬೇರೆ ಲೋಹಗಳನ್ನು ಬಳೆಯಂತೆ ಜೋಡಿಸಿ, ಒಂದು ಸಂಧಿಯನ್ನು ಕಾಯಿಸಿದರು. ಬಳಿಯಲ್ಲಿದ್ದ ದಿಕ್ಸೂಚಿಯ ಮುಳ್ಳು ತಿರುಗಿತು. ಅವರು ಅದನ್ನು ಕಾಂತಶಕ್ತಿಯ ಕಾರ್ಯವೆಂದೇ ಬಗೆದರು. ವಾಸ್ತವವಾಗಿ ಅಲ್ಲಿ ಹರಿದುದು ವಿದ್ಯುತ್ತು. ಕುಲುಮೆಯ ಶಾಖವನ್ನಳೆಯುವ ಉಷ್ಣಯುಗ್ಮಕ್ಕೆ ಇದೇ ಆಧಾರ. 1856ರಲ್ಲಿ ವಿಲಿಯಂ ಥಾಮ್ಸನ್ನರು, ಬಿಗಿಯಾಗಿ ಎಳೆದ ತಂತಿಗೂ ಎಳೆಯದ ಅದೇ ಲೋಹದ ತಂತಿಗೂ ನಡುವೆ ಇಂಥ ಪ್ರವಾಹವುಂಟಾಗುವುದೆಂದು ಪ್ರಕಟಿಸಿದರು.

ಒತ್ತಡದ ಪ್ರಭಾವವನ್ನು ವಿಸ್ತಾರವಾಗಿ ಅಳೆದವರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪರ್ಸಿ ಬ್ರಿಜ್‌ಮನ್ನರು. 1918ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ ಒತ್ತಡವು ಚದರ ಸೆಂಟಿಮೀಟರಿಗೆ 12,000 ಕಿಲೋಗ್ರಾಂವರೆಗೆ ಏರಿತು. ಮಹಾಸಾಗರದ ಅತ್ಯಂತ ಆಳದ ಒತ್ತಡಕ್ಕೆ ಇದು ಸುಮಾರು ಹತ್ತುಪಾಲು. ಶುದ್ಧ ಲೋಹಗಳೊಡನೆ ಕಾನ್‌ಸ್ಟಾಂಟನ್, ಮ್ಯಾಂಗನಿನ್ ಎಂಬ ಮಿಶ್ರಲೋಹಗಳನ್ನೂ ಅವರು ಪರೀಕ್ಷಿಸಿದರು. ಎಲ್ಲವೂ ಒಂದೇ ರೀತಿ ನಡೆಯಲಿಲ್ಲ; ಕೆಲವು ಒಂದು ದಿಕ್ಕಿಗೆ, ಕೆಲವು ಅದಕ್ಕೆ ವಿರುದ್ಧವಾಗಿ ವಾಲಿದವು.

ಇದಕ್ಕೆ ಕಾರಣವೇನು? ಒತ್ತಿದಾಗ ಪರಮಾಣುಗಳು ಹತ್ತಿರ ಸರಿಯುವುವು. ಅವುಗಳ ಕಂಪನವೂ ಎಲೆಕ್ಟ್ರಾನುಗಳ ಶಕ್ತಿಯೂ ಬದಲಾಗುವುವು. ಮಿಶ್ರಲೋಹದಲ್ಲಿ ಬೇರೆ ಬೇರೆ ಜಾತಿಯ ಪರಮಾಣುಗಳಿಗೆ ತಾಕಿ ಎಲೆಕ್ಟ್ರಾನುಗಳು ಚದುರುವ ಕ್ರಮವೂ ವ್ಯತ್ಯಾಸಗೊಳ್ಳುವುದು. ಉಷ್ಣವಿದ್ಯುತ್ತು ಇಂಥ ಅಲ್ಪಭೇದಗಳನ್ನೂ ಬಹು ಸೂಕ್ಷ್ಮವಾಗಿ ತೋರಿಸುವುದು.

ಬ್ರಿಜ್‌ಮನ್ನರಿಗೆ ಒತ್ತಡದ ಸಂಶೋಧನೆಗಳಿಗಾಗಿ 1946ರಲ್ಲಿ ನೊಬೆಲ್ ಬಹುಮಾನ ಬಂದಿತು. 1954ರಲ್ಲಿ ಜನರಲ್ ಎಲೆಕ್ಟ್ರಿಕ್ ಪ್ರಯೋಗಶಾಲೆಯವರು ಐವತ್ತು ಸಾವಿರ ವಾಯುಮಂಡಲಗಳಿಗೂ ಮೀರಿದ ಒತ್ತಡದಲ್ಲಿ ವಜ್ರವನ್ನು ತಯಾರಿಸಿದರು. ಇಂಥ ಯಂತ್ರದೊಳಗಿನ ಶಾಖವನ್ನು ಹೇಳಬೇಕಾದುದು ಉಷ್ಣಯುಗ್ಮವೇ. ಆದರೆ ಆ ಸಾಕ್ಷಿಯೇ ಒತ್ತಡಕ್ಕೆ ಸಿಕ್ಕಿ ಮಾತು ಬದಲಿಸಿದರೆ ಯಾರನ್ನು ನಂಬೋಣ?

ಇಲ್ಲಿ ಒಂದು ಸೂಕ್ಷ್ಮವುಂಟು. ವಿದ್ಯುದ್ಬಲವು ಹುಟ್ಟುವುದು ಕಾದ ತುದಿಯಲ್ಲಲ್ಲ, ಬಿಸಿಯಿಂದ ತಂಪಿನತ್ತ ಸಾಗುವ ತಂತಿಯ ದಾರಿಯಲ್ಲಿ. ಆ ದಾರಿಯೆಲ್ಲ ಒತ್ತಡದೊಳಗೇ ಇದ್ದರೆ ದೋಷವು ಪೂರ್ಣವಾಗಿ ತಗಲುವುದು. ಒತ್ತಡದ ಹೊರಗಿದ್ದರೆ ದೋಷವಿಲ್ಲ. ಜೋಡಿಯ ಎರಡು ತಂತಿಗಳಲ್ಲಾದ ಬದಲಾವಣೆಗಳ ಅಂತರವೇ ಒಟ್ಟು ದೋಷ. ಪ್ಲಾಟಿನಂ ಮತ್ತು ರೋಡಿಯಂ ಬೆರೆತ ಪ್ಲಾಟಿನಂ, ಕ್ರೋಮೆಲ್ ಮತ್ತು ಅಲ್ಯೂಮೆಲ್ ಎಂಬ ಜೋಡಿಗಳಲ್ಲಿ ಈ ದೋಷವನ್ನು ಗೆಟ್ಟಿಂಗ್ ಮತ್ತು ಕೆನೆಡಿಯವರು ಅಳೆದು 1970ರಲ್ಲಿ ಪ್ರಕಟಿಸಿದರು.

ಭೂಗರ್ಭದಲ್ಲಿ ಶಿಲೆಗಳು ಎಷ್ಟು ಶಾಖಕ್ಕೆ ಕರಗುವುವೆಂದು ತಿಳಿಯಲು ಪ್ರಯೋಗಶಾಲೆಯಲ್ಲಿ ಅವನ್ನು ಒತ್ತಿ ಕಾಯಿಸುವರು. ಆದುದರಿಂದ ನಮ್ಮ ಕಾಲಕೆಳಗಿನ ಭೂಮಿಯ ಶಾಖವನ್ನು ಕುರಿತ ನಮ್ಮ ತಿಳಿವಳಿಕೆಯ ಒಂದು ಭಾಗವು ಈ ಸಣ್ಣ ತಂತಿಗಳ ನಡತೆಯನ್ನು ನಂಬಿಕೊಂಡಿದೆ. ಅಳೆಯಹೊರಟವರು ಮೊದಲು ಅಳತೆಗೋಲನ್ನೇ ಅಳೆಯಬೇಕಾಗಿ ಬಂದುದು ಹೀಗೆ.