ಮಡಿಲಿಗೆ ಬಂದ ಮಗು

ಕದ್ರಿಯ ಇತಿಹಾಸವೆಂದೊಡನೆ ಮಂಜುನಾಥ ದೇವಾಲಯವೂ ಅಲ್ಲಿಯ ಲೋಕೇಶ್ವರನ ಕಂಚಿನ ವಿಗ್ರಹವೂ ನೆನಪಾಗುತ್ತವೆ. ಆಳುಪ ಅರಸ ಕುಂದವರ್ಮನು ಕ್ರಿ.ಶ. 968ರಲ್ಲಿ ಆ ವಿಗ್ರಹವನ್ನು ಪ್ರತಿಷ್ಠಾಪಿಸಿದನೆಂದು ಪೀಠದ ಶಾಸನ ತಿಳಿಸುತ್ತದೆ. ಅರಸರ ಇತಿಹಾಸ ಹೀಗೆ ಲೋಹದಲ್ಲಿ ಉಳಿಯಿತು. ಹೆತ್ತವರಲ್ಲದವರ ಮಡಿಲಲ್ಲಿ ಬೆಳೆದ ಮಕ್ಕಳ ಇತಿಹಾಸಕ್ಕೆ ಅಂತಹ ಶಾಸನವಿಲ್ಲ. ಅದನ್ನು ಕಾನೂನಿನ ಪುಟಗಳಲ್ಲಿಯೂ ಪಾಡ್ದನಗಳಲ್ಲಿಯೂ ಹುಡುಕಬೇಕಾಗುತ್ತದೆ.

ಹಿಂದೆ ದತ್ತು ಸ್ವೀಕಾರವು ವಂಶದ ಅಗತ್ಯಕ್ಕಾಗಿ ನಡೆಯುತ್ತಿತ್ತು. ಪಿಂಡ ಹಾಕಲು, ಆಸ್ತಿಗೆ ವಾರಸುದಾರನಾಗಲು ಗಂಡುಮಗು ಬೇಕಾಗಿತ್ತು. ನಮ್ಮ ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಕುಟುಂಬವು ತಾಯಿಯ ಬಳಿಯಿಂದ ಮುಂದುವರಿಯುವುದರಿಂದ, ಸಂತಾನ ಕಡಿಯದಿರಲೆಂದು ಹೆಣ್ಣುಮಗುವನ್ನು ದತ್ತು ಪಡೆಯುವ ರೂಢಿಯಿತ್ತು. ಮಗು ಗಂಡಾಗಲಿ ಹೆಣ್ಣಾಗಲಿ, ಅದರ ಮನಸ್ಸಿನ ಪ್ರಶ್ನೆಯನ್ನು ಯಾರೂ ಎತ್ತಿದಂತಿಲ್ಲ.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ಗಂಡು ಹೆಣ್ಣು ಇಬ್ಬರನ್ನೂ ದತ್ತು ಪಡೆಯಲು ಅವಕಾಶ ನೀಡಿತು. ಅದರ ಪ್ರಕಾರ ದತ್ತಹೋಮ ಕಡ್ಡಾಯವಲ್ಲ; ಮಗುವನ್ನು ಕೊಡುವ ಮತ್ತು ಪಡೆಯುವ ಕ್ರಿಯೆ ಮಾತ್ರ ಪ್ರತ್ಯಕ್ಷವಾಗಿ ನಡೆಯಲೇಬೇಕು. ಕೈಯಿಂದ ಕೈಗೆ ಮಗು ದಾಟಲು ಒಂದು ಗಳಿಗೆ ಸಾಕು. ಆದರೆ ಮನಸ್ಸು ದಾಟಲು ಎಷ್ಟು ಕಾಲ ಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ ಪ್ರಮುಖರು. ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಬರೆದ ವರದಿಯಲ್ಲಿ, ಎಳೆಯ ಮಗುವಿಗೆ ತಾಯಿಯ ಅಥವಾ ತಾಯಿಯ ಸ್ಥಾನದಲ್ಲಿ ಶಾಶ್ವತವಾಗಿ ನಿಲ್ಲುವವರ ಅವಿಚ್ಛಿನ್ನ ಪ್ರೀತಿ ಅತ್ಯಗತ್ಯವೆಂದು ಅವರು ಪ್ರತಿಪಾದಿಸಿದರು. ರುಮೇನಿಯದ ಬುಖಾರೆಸ್ಟಿನಲ್ಲಿ 2000ದ ಸುಮಾರಿಗೆ ಆರಂಭವಾದ ಅಧ್ಯಯನವು ಅನಾಥಾಲಯಗಳಲ್ಲಿದ್ದ 136 ಮಕ್ಕಳನ್ನು ಗಮನಿಸಿತು. ಎರಡು ವರ್ಷ ತುಂಬುವ ಮೊದಲೇ ಸಾಕುಮನೆ ಸೇರಿದವರಲ್ಲಿ ಬಾಂಧವ್ಯ ಹೆಚ್ಚು ಭದ್ರವಾಗಿ ಬೆಳೆಯಿತು. ಅನಂತರ ಬಂದವರಿಗೂ ಮನೆಯ ಆರೈಕೆ ವ್ಯರ್ಥವಾಗಲಿಲ್ಲ.

ನಮ್ಮ ದೇಶದಲ್ಲಿ 1984ರ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮಗುವಿನ ಹಿತವನ್ನೇ ಮುಂದಿಟ್ಟು ವಿದೇಶಿ ದತ್ತುವಿಗೆ ನಿಯಮಗಳನ್ನು ವಿಧಿಸಿತು. 2015ರ ಬಾಲನ್ಯಾಯ ಕಾಯಿದೆಯಡಿ ರೂಪುಗೊಂಡ ದತ್ತು ನಿಯಮಗಳು, ಮಗು ಮನೆ ಸೇರಿದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಅದರ ಯೋಗಕ್ಷೇಮ ವಿಚಾರಿಸಬೇಕೆಂದು ಹೇಳಿದವು. ಬಾಂಧವ್ಯಕ್ಕೆ ಕಾಲ ಬೇಕೆಂಬುದನ್ನು ಕಾನೂನು ಕೊನೆಗೂ ಒಪ್ಪಿತು. ಆದರೆ 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯು ದತ್ತು ತಾಯಿಗೆ 12 ವಾರಗಳ ರಜೆ ಕೊಟ್ಟಾಗ, ಮಗು ಮೂರು ತಿಂಗಳಿಗಿಂತ ಚಿಕ್ಕದಾಗಿರಬೇಕೆಂಬ ಷರತ್ತು ಹಾಕಿತು. ಅಗಲಿಕೆಯನ್ನು ಅರಿತ ಮೂರು ವರ್ಷದ ಮಗುವಿಗೆ ತಾಯಿಯ ಸಮಯ ಇನ್ನೂ ಹೆಚ್ಚು ಬೇಕಲ್ಲವೇ?

ಕದ್ರಿ ಉದ್ಯಾನದಲ್ಲಿ ಸಂಜೆ ಭೇಟಿಯಾಗುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಂತಹ ಮಗುವಿನ ತಾಯಿ. ಮೊದಲ ದಿನಗಳಲ್ಲಿ ಆ ಮಗು ಬಿದ್ದರೂ ಅಳುತ್ತಿರಲಿಲ್ಲವಂತೆ; ಯಾರು ಕರೆದರೂ ಹೋಗುತ್ತಿತ್ತಂತೆ. ‘ಎಷ್ಟು ಜಾಣ ಮಗು!’ ಎಂದು ನೆಂಟರು ಹೊಗಳಿದರು. ತಾಯಿಗೆ ಮಾತ್ರ ಅದು ಚಿಂತೆಯಾಯಿತು. ಊಟ, ಸ್ನಾನ, ನಿದ್ದೆ ಎಲ್ಲವನ್ನೂ ಕೆಲವು ತಿಂಗಳು ತಂದೆತಾಯಿಗಳೇ ನೋಡಿಕೊಂಡರು. ಕೈಯಿಂದ ಕೈಗೆ ಮಗುವನ್ನು ದಾಟಿಸುವುದನ್ನು ನಿಲ್ಲಿಸಿದರು. ಒಂದು ದಿನ ಅದು ಎಡವಿ ಬಿದ್ದು, ಅಳುತ್ತಾ ಅಮ್ಮನನ್ನೇ ಹುಡುಕಿಕೊಂಡು ಬಂದಿತು. ಆ ಅಳುವಿಗೆ ತಾನು ಸಂತೋಷಪಟ್ಟೆನೆಂದು ಅವಳು ಹೇಳಿದಳು. ಇಂತಹ ಮನೆಗೆ ಹೋಗುವ ನಾವು ಮಗುವನ್ನು ಎತ್ತಿಕೊಳ್ಳುವ ಆತುರವನ್ನು ತಡೆದುಕೊಂಡರೆ ಅದೇ ದೊಡ್ಡ ಉಪಕಾರ.

ಮಗುವಿನಿಂದ ಸತ್ಯವನ್ನು ಬಚ್ಚಿಡಬೇಕೆಂದು ಸಲಹೆ ಕೊಡುವವರೂ ಇದ್ದಾರೆ. ಅಂತಹವರು ಕದ್ರಿಗೆ ಸಮೀಪದ ಕಂಕನಾಡಿ ಗರಡಿಯನ್ನು ನೆನೆಯಲಿ. ಅಲ್ಲಿ ಆರಾಧನೆಗೊಳ್ಳುವ ಕೋಟಿ ಚೆನ್ನಯರು ತಾಯಿ ದೇಯಿಯನ್ನು ಎಳವೆಯಲ್ಲಿಯೇ ಕಳೆದುಕೊಂಡು ಸಾಯನ ಬೈದ್ಯನ ಆಶ್ರಯದಲ್ಲಿ ಬೆಳೆದವರು. ದೇಯಿಯೂ ಕಾಡಿನಲ್ಲಿ ಬಿಡಲ್ಪಟ್ಟು, ಅದೇ ಸಾಯನನ ಮನೆಗೆ ತಂಗಿಯಾಗಿ ಬಂದವಳು. ಪಾಡ್ದನವು ಇದನ್ನು ಮುಚ್ಚಿಡಲಿಲ್ಲ. ಇದರಿಂದ ಆ ವೀರರ ಗೌರವವೂ ಕುಂದಲಿಲ್ಲ. ಸಾಕಿದವರ ಋಣವನ್ನು ಇಷ್ಟು ಬಹಿರಂಗವಾಗಿ ಹಾಡಿದ ನಾಡಿನಲ್ಲಿ, ಮಡಿಲಿಗೆ ಬಂದ ಮಗುವಿಗೆ ಅದರ ಕಥೆಯನ್ನು ಹೇಳಲು ನಾವೇಕೆ ಅಂಜಬೇಕು?