ಶೇಕಡಾ ಹತ್ತರ ನಿಯಮ: ಲಿಂಡೆಮನ್ ಹೇಳಿದ್ದೇನು?

ಆಹಾರ ಸರಪಳಿಯಲ್ಲಿ ಒಂದು ಸ್ತರದಿಂದ ಮುಂದಿನ ಸ್ತರಕ್ಕೆ ಸಾಗುವುದು ಶೇಕಡಾ 10ರಷ್ಟು ಶಕ್ತಿ ಮಾತ್ರ. ಈ ಮಾತನ್ನು ನೀವು ತರಗತಿಯಲ್ಲಿ ಕೇಳಿರುತ್ತೀರಿ. ಅಧ್ಯಾಪಕರಾಗಿದ್ದರೆ ಹೇಳಿಯೂ ಇರುತ್ತೀರಿ. ಇದನ್ನು ಲಿಂಡೆಮನ್‌ನ ನಿಯಮ ಎಂದು ಕರೆಯುವುದುಂಟು. ಆದರೆ ಆತನ ಪ್ರಬಂಧವನ್ನು ತೆರೆದರೆ ಅಲ್ಲಿ 10 ಎಂಬ ಸ್ಥಿರ ಸಂಖ್ಯೆ ಕಾಣುವುದಿಲ್ಲ. ಹಾಗಾದರೆ ಅಲ್ಲಿ ಇರುವುದೇನು?

ಸ್ವಲ್ಪ ಹಿಂದಕ್ಕೆ ಹೋಗೋಣ. 1927ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ ತನ್ನ ಪುಸ್ತಕವೊಂದರಲ್ಲಿ ಆಹಾರ ಸರಪಳಿಯನ್ನು ವಿವರಿಸಿದ. ಸರಪಳಿಯಲ್ಲಿ ಮೇಲೆ ಹೋದಂತೆ ಪ್ರಾಣಿಗಳ ಸಂಖ್ಯೆ ಕಡಿಮೆಯಾಗುತ್ತದೆ ಎಂಬುದನ್ನು ಆತ ತೋರಿಸಿಕೊಟ್ಟ. 1935ರಲ್ಲಿ ಸಸ್ಯವಿಜ್ಞಾನಿ ಆರ್ಥರ್ ಟ್ಯಾನ್ಸ್ಲಿ, ಪಾರಿಭಾಷಿಕ ಪದಗಳ ಬಳಕೆ ಮತ್ತು ದುರ್ಬಳಕೆಯನ್ನು ಚರ್ಚಿಸುತ್ತ ‘ಇಕೋಸಿಸ್ಟಮ್’ ಎಂಬ ಹೊಸ ಪದವನ್ನು ಮುಂದಿಟ್ಟ. ನಾವು ಪರಿಸರ ವ್ಯವಸ್ಥೆ ಎನ್ನುವುದು ಇದನ್ನೇ. ಸಸ್ಯ ಸಮುದಾಯವನ್ನು ಒಂದು ದೊಡ್ಡ ಜೀವಿಯೆಂದೇ ಭಾವಿಸುವ ವಾದ ಆಗ ಪ್ರಬಲವಾಗಿತ್ತು. ಅದನ್ನು ಒಪ್ಪದ ಟ್ಯಾನ್ಸ್ಲಿ, ಜೀವಿಗಳನ್ನೂ ಅವುಗಳ ಸುತ್ತಲಿನ ಮಣ್ಣು, ನೀರು, ಹವೆಗಳನ್ನೂ ಸೇರಿಸಿ ಒಂದೇ ವ್ಯವಸ್ಥೆಯಾಗಿ ನೋಡಬೇಕೆಂದ.

ಈ ಪದವನ್ನು ನಿಜವಾಗಿ ಕೆಲಸಕ್ಕೆ ಹಚ್ಚಿದವನು ಅಮೆರಿಕದ ತರುಣ ರೇಮಂಡ್ ಲಿಂಡೆಮನ್. ಮಿನೆಸೋಟದ ಸೀಡರ್ ಬಾಗ್ ಸರೋವರ ಹೂಳು ತುಂಬಿ ಜೌಗಾಗುತ್ತಿದ್ದ, ಆಳವಿಲ್ಲದ ಪುಟ್ಟ ಕೆರೆ. ಪತ್ನಿ ಎಲೀನರ್ ಜೊತೆಗೂಡಿ ಆತ ಸುಮಾರು ಐದು ವರ್ಷ ಅಲ್ಲಿನ ಪಾಚಿ, ನೀರುಗಿಡ, ಕೀಟ, ಮೀನುಗಳನ್ನು ಅಧ್ಯಯನ ಮಾಡಿದ. ಕೆರೆಯ ಕೆಸರು ಆತನಿಗೆ ಒಂದು ಪ್ರಶ್ನೆ ಒಡ್ಡಿತು. ಸತ್ತ ಎಲೆ, ಅದನ್ನು ಕೊಳೆಸುವ ಬ್ಯಾಕ್ಟೀರಿಯ, ಬಿಡುಗಡೆಯಾಗುವ ಲವಣ, ಅದನ್ನು ಹೀರುವ ಗಿಡ – ಇವುಗಳಲ್ಲಿ ಜೀವಿ ಎಲ್ಲಿ ಮುಗಿಯಿತು, ಪರಿಸರ ಎಲ್ಲಿ ಆರಂಭವಾಯಿತು? ಗೆರೆ ಎಳೆಯಲಾಗದು. ಟ್ಯಾನ್ಸ್ಲಿಯ ಪದ ಇಲ್ಲಿ ಸರಿಯಾಗಿ ಒದಗಿತು.

ಲಿಂಡೆಮನ್ ಜೀವಿಗಳನ್ನು ಪೋಷಣಾ ಸ್ತರಗಳಾಗಿ ವಿಂಗಡಿಸಿ, ಪ್ರತಿ ಸ್ತರದ ಶಕ್ತಿಯನ್ನು ಕ್ಯಾಲೊರಿಯಲ್ಲಿ ಲೆಕ್ಕ ಹಾಕಿದ. ಕೆರೆಯ ಒಂದು ಚದರ ಸೆಂಟಿಮೀಟರಿಗೆ ವರ್ಷಕ್ಕೆ ಬೀಳುವ ಸೌರಶಕ್ತಿ ಸುಮಾರು 1,19,000 ಕ್ಯಾಲೊರಿ. ಅದರಲ್ಲಿ ಉತ್ಪಾದಕರು ಹಿಡಿದಿಟ್ಟದ್ದು ಸುಮಾರು 111 ಕ್ಯಾಲೊರಿ, ಎಂದರೆ ಶೇಕಡಾ 0.1ರಷ್ಟು. ಉತ್ಪಾದಕರಿಂದ ಸಸ್ಯಾಹಾರಿಗಳಿಗೆ ಬಂದದ್ದು ಶೇಕಡಾ 13.3, ಅವುಗಳಿಂದ ಮಾಂಸಾಹಾರಿಗಳಿಗೆ ಶೇಕಡಾ 22.3. ಮೆಂಡೋಟಾ ಎಂಬ ಇನ್ನೊಂದು ಸರೋವರದ ಅಂಕಿಗಳಿಂದ ಆತ ಪಡೆದ ಪ್ರಮಾಣಗಳು ಕ್ರಮವಾಗಿ ಶೇಕಡಾ 8.7 ಮತ್ತು 5.5. ಉಳಿದ ಶಕ್ತಿ ಎಲ್ಲಿಗೆ ಹೋಯಿತು? ಉಸಿರಾಟದಲ್ಲಿ ಶಾಖವಾಗಿ ಹೊರಹೋಯಿತು. ತಿನ್ನದೆ ಉಳಿದದ್ದು, ಜೀರ್ಣವಾಗದ್ದು ವಿಘಟಕಗಳ ಪಾಲಾಯಿತು. ಲವಣಗಳು ಚಕ್ರದಂತೆ ಮರಳುತ್ತವೆ, ಶಾಖವಾಗಿ ಹೋದ ಶಕ್ತಿ ಮರಳುವುದಿಲ್ಲ. ಎಲ್ಟನ್ ಎಣಿಸಿ ತೋರಿಸಿದ್ದಕ್ಕೆ ಕಾರಣ ಈಗ ಸಿಕ್ಕಿತು.

1941ರಲ್ಲಿ ‘ಇಕಾಲಜಿ’ ಪತ್ರಿಕೆಗೆ ಕಳುಹಿಸಿದ ಈ ಪ್ರಬಂಧವನ್ನು ಪರಿಶೀಲಕರಿಬ್ಬರೂ ಒಪ್ಪಲಿಲ್ಲ. ಆಧಾರ ಸಾಲದು, ಸಿದ್ಧಾಂತ ಹೆಚ್ಚಾಯಿತು ಎಂಬುದು ಅವರ ಆಕ್ಷೇಪ. ಯೇಲ್ ವಿಶ್ವವಿದ್ಯಾಲಯದ ಈವ್ಲಿನ್ ಹಚಿನ್ಸನ್ ಸಂಪಾದಕರಿಗೆ ಪತ್ರ ಬರೆದು ಪ್ರಬಂಧದ ಪರವಾಗಿ ವಾದಿಸಿದ. ಕೊನೆಗೂ ಅದು 1942ರ ಅಕ್ಟೋಬರಿನಲ್ಲಿ ಅಚ್ಚಾಯಿತು. ಅದನ್ನು ನೋಡಲು ಲಿಂಡೆಮನ್ ಇರಲಿಲ್ಲ. ಯಕೃತ್ತಿನ ಕಾಯಿಲೆಯಿಂದ ಆತ ಅದೇ ವರ್ಷ ಜೂನ್ ತಿಂಗಳಲ್ಲಿ, 26ನೆಯ ವಯಸ್ಸಿಗೇ ತೀರಿಕೊಂಡಿದ್ದ.

ಶೇಕಡಾ 10 ಎಂಬುದು ಸರಳೀಕರಣದಿಂದ ಪಠ್ಯಗಳಿಗೆ ಬಂದ ಸರಾಸರಿ. ಲೆಕ್ಕ ಕಲಿಯಲು ಅದು ಅನುಕೂಲವೇ. ಆದರೆ ಅದನ್ನು ಎಲ್ಲ ಕೆರೆ, ಕಾಡುಗಳಿಗೂ ಅನ್ವಯಿಸುವ ಸ್ಥಿರಾಂಕವೆಂದು ತಿಳಿಯಬಾರದು. ಮುಂದಿನ ಬಾರಿ ಈ ಪಾಠ ಬಂದಾಗ ಮೇಲಿನ ಎರಡೂ ಸರೋವರಗಳ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆಯಿರಿ. ಇವು ಏಕೆ ಬೇರೆ ಬೇರೆ ಎಂದು ಯಾರಾದರೂ ಕೇಳಿದರೆ, ಪಾಠ ಸರಿಯಾಗಿಯೇ ಆರಂಭವಾಗಿದೆ ಎಂದು ತಿಳಿಯಿರಿ.